ಮೂರನೇ ಸಾಲಿನ ನೀರು

ಶಹಾಬಾದದ ಅನಸುಬಾಯಿ ಮೂವತ್ತು ವರ್ಷಗಳಿಂದ ಎಳೆಗೂಸುಗಳಿಗೆ ಎರೆಯುತ್ತಾಳೆ. ಬಚ್ಚಲ ಫರಸಿಯ ಮೇಲೆ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಹಾಡುತ್ತಲೇ ಚರಗಿಯಿಂದ ನೀರು ಹಾಕುತ್ತಾಳೆ. ಒಂದು ಸಾಲಿಗೆ ಒಂದು ಚರಗಿ. ಸಾಲು ಎಲ್ಲಿ ನಿಲ್ಲುತ್ತದೋ ಅಲ್ಲಿ ನೀರು. ಹತ್ತು ದಿನದೊಳಗೆ ಕೂಸಿಗೂ ಅದು ರೂಢಿಯಾಗಿ, ಸಾಲು ಕೊನೆ ಮುಟ್ಟುತ್ತಲೇ ಬಾಯಿ ಮುಚ್ಚಿ ಉಸಿರು ಹಿಡಿಯುತ್ತದೆ. ಮುಸಲ್ಮಾನರ ಮನೆಯಲ್ಲಿ ದಖನಿ ಹಾಡು, ಚಿಂಚೋಳಿ ಗಡಿಯವರ ಮನೆಯಲ್ಲಿ ತೆಲುಗು, ಉಳಿದ ಕಡೆ ಕನ್ನಡದ ತ್ರಿಪದಿ. ಯಾವ ಹಾಡಿನಿಂದ ಶುರುವಾಯಿತೋ ಮೂರು ತಿಂಗಳೂ ಅದೇ. ಯಾಕೆ ಹಾಗೆ ಎಂದು ಯಾರೂ ಕೇಳಿರಲಿಲ್ಲ, ಆಕೆಯೂ ಯೋಚಿಸಿರಲಿಲ್ಲ.

ಸೂಗಮ್ಮನ ಮನೆಯಲ್ಲಿ ಮಾತ್ರ ಅದಲುಬದಲಾಯಿತು. ಮಗಳು ರಾಜೇಶ್ವರಿಯ ಚೊಚ್ಚಲ ಬಾಣಂತನ. ಮೊದಲ ದಿನ ಅನಸುಬಾಯಿ ಸೈದಾನಬಿಯ ಮೊಮ್ಮಗನಿಗೆ ಎರೆದು ನೇರ ಅಲ್ಲಿಗೆ ಬಂದವಳು. ನಾಲಿಗೆಯ ಮೇಲಿದ್ದ ದಖನಿ ಹಾಡೇ ಬಂತು, ಅದೇ ಮುಂದುವರಿಯಿತು. ಸೂಗಮ್ಮ ಹೇಗೋ ಸಹಿಸಿಕೊಂಡಿದ್ದಳು. ನಲವತ್ತನೇ ದಿನ ಸೇಡಂನಿಂದ ಬೀಗರು ಕೂಸನ್ನು ನೋಡಲು ಬಂದಾಗ ಬಚ್ಚಲ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದಳು:

“ಇವತ್ತರೆ ನಮ್ ಹಾಡ ಹಾಡವಾ. ಬೀಗರು ಏನಂದಾರು?”

ಹಾಡಿನ ಮಾತು ಬದಲಾದರೆ ಏನಾಯಿತು ಎಂದುಕೊಂಡು ಅನಸುಬಾಯಿ ತ್ರಿಪದಿ ಎತ್ತಿದಳು. ಎರಡು ಸಾಲು ಸರಿಯಾಗಿಯೇ ಹೋದವು. ಮೂರನೆಯದು ನಿಂತ ಕಡೆ ಕೈ ತಾನಾಗಿ ಚರಗಿ ಬಗ್ಗಿಸಿತು. ಕೂಸು ಆಗಷ್ಟೇ ಬಾಯಿ ತೆರೆದು ಉಸಿರೆಳೆಯುತ್ತಿತ್ತು. ನೀರು ಮೂಗಿಗೇರಿತು. ಮುಖ ಕಪ್ಪಿಟ್ಟಿತು. ಅಂಗೈ ಮೇಲೆ ಬೋರಲು ಹಾಕಿ ಬೆನ್ನು ತಟ್ಟಿದ ಮೇಲೆ ಒಮ್ಮೆ ಕೆಮ್ಮಿ ಅತ್ತಿತು. ರಾಜೇಶ್ವರಿ ಒದ್ದೆ ಕೂಸನ್ನು ಕಸಿದುಕೊಂಡು, ನಾಳೆಯಿಂದ ಬರಬೇಡ ಎಂದಳು. ಬೀಗರು ಎಲ್ಲವನ್ನೂ ನೋಡಿದ್ದರು.

ಕೂಸಿನ ಮೂಗಿಗೆ ನೀರು ಹಾಕಿದವಳು ಎಂಬ ಮಾತು ಒಮ್ಮೆ ಓಣಿ ದಾಟಿದರೆ ಯಾರೂ ಅವಳನ್ನು ಕರೆಯುವುದಿಲ್ಲ. ಮನೆಗೆ ನಡೆಯುತ್ತ ಅನಸುಬಾಯಿ ಎರಡೂ ಹಾಡನ್ನು ಬಾಯೊಳಗೇ ಹಾಡಿ, ತೊಡೆ ತಟ್ಟಿ ನೋಡಿದಳು. ದಖನಿ ಹಾಡಿನ ಸಾಲುಗಳೆಲ್ಲ ಒಂದೇ ಉದ್ದ. ತ್ರಿಪದಿಯ ಮೂರನೇ ಸಾಲು ಒಂದು ಹೆಜ್ಜೆ ಮೊದಲೇ ಮುಗಿಯುತ್ತದೆ. ಕೈ ಹಾಡಿನ ಹಿಂದೆ ಹೋಗಿತ್ತು. ಕೂಸು ಹಳೆಯ ಲೆಕ್ಕದಲ್ಲೇ ಇತ್ತು.

ಮರುದಿನ ಬೆಳಿಗ್ಗೆ, ಬರಬೇಡ ಎಂದ ಮನೆಗೆ ಮತ್ತೆ ಹೋದಳು. ಬಚ್ಚಲಲ್ಲಿ ರಾಜೇಶ್ವರಿ ಪ್ಲಾಸ್ಟಿಕ್ ಮಗ್ಗಿನಿಂದ ತಾನೇ ಎರೆಯುತ್ತಿದ್ದಳು. ಹಾಲು ಕುಡಿಸಿದ ಹೊತ್ತನ್ನೂ ಮೊಬೈಲಿನಲ್ಲಿ ಬರೆದಿಡುವವಳು ಅವಳು. ಆದರೆ ನೀರು ಯಾವಾಗ ಬೀಳುತ್ತದೆಂದು ಕೂಸಿಗೆ ಗೊತ್ತಾಗುತ್ತಿರಲಿಲ್ಲ. ಪ್ರತಿ ಮಗ್ಗಿಗೂ ಕೂಸು ಬೆಚ್ಚಿ ಚೀರುತ್ತಿತ್ತು, ತಾಯಿಯೂ ಅಳುತ್ತಿದ್ದಳು.

ಅನಸುಬಾಯಿ ಒಳಗೆ ಹೋಗಲಿಲ್ಲ. ಹೊಸ್ತಿಲಲ್ಲೇ ನಿಂತು ಹಾಡತೊಡಗಿದಳು. ಮಾತು ಕನ್ನಡದ್ದು, ನಡೆ ದಖನಿಯದು. ಮೂರನೇ ಸಾಲು ಕುಂಟದ ಹಾಗೆ ‘ಬಾರೋ ಕಂದಾ’ ಎಂದು ತಾನೇ ಸೇರಿಸಿದ್ದಳು. ಎರಡು ಸಲ ಹಾಡುವಷ್ಟರಲ್ಲಿ ಕೂಸಿನ ಅಳು ನಿಂತಿತು. ಮೂರನೇ ಸಲ ಸಾಲಿನ ಕೊನೆಗೆ ಬಾಯಿ ಮುಚ್ಚಿತು.

“ಈಗ ಹಾಕ್ರಿ,” ಎಂದಳು.

ರಾಜೇಶ್ವರಿ ಹಾಕಿದಳು. ಕೂಸು ಕಣ್ಣು ಪಿಳುಕಿಸಿತು, ಅಳಲಿಲ್ಲ. ಇನ್ನೂ ನಾಲ್ಕು ಮಗ್ಗು ಹಾಕಿ ನೋಡಿದಳು. ಆಮೇಲೆ ಎದ್ದು ಜಾಗ ಬಿಟ್ಟಳು.

“ನೀವೇ ಕುಂದ್ರಿ ಆಯಿ.”

ಅಡುಗೆಮನೆಯಿಂದ ಕೇಳುತ್ತಿದ್ದ ಸೂಗಮ್ಮ, ಮೂರನೇ ಸಾಲು ಭಾಳ ಉದ್ದ ಆಯ್ತು, ಹಾಡು ಹಾಂಗಿಲ್ಲ ಎಂದಳು.

“ಅದು ನಿಮಗಲ್ರಿ ಅವ್ವಾರ, ಕೂಸಿಗಿ.”

ಬೀಗರು ನೀರು ಮೂಗಿಗೇರಿದ ಸುದ್ದಿಯನ್ನು ಸೇಡಂವರೆಗೆ ಒಯ್ದಿದ್ದರು. ಆ ಊರಿಗೆ ಮಗಳನ್ನು ಕೊಟ್ಟಿದ್ದ ಒಂದು ಮನೆಯವರು ಅವಳ ಬಾಣಂತನಕ್ಕೆ ಅನಸುಬಾಯಿಯನ್ನು ಕರೆಯಲಿಲ್ಲ. ಶಹಾಬಾದದ ಉಳಿದ ಮನೆಗಳು ಕೈಬಿಡಲಿಲ್ಲ. ಈಗ ಹೊಸ ಮನೆಗೆ ಹೋದರೆ ಎಣ್ಣೆ ಬಟ್ಟಲು ಮುಟ್ಟುವ ಮೊದಲೇ ಆಕೆ ಹಿರಿಯರನ್ನೆಲ್ಲ ಕರೆಸಿ, ಯಾವ ಹಾಡು ಬೇಕು ಈಗಲೇ ಹೇಳಿಬಿಡಿ, ನೀರು ಬಿದ್ದ ಮೇಲೆ ಬದಲಾಯಿಸುವುದಿಲ್ಲ ಎನ್ನುತ್ತಾಳೆ.