ಕೆನ್ನೆ ಬಿಳಿ, ಬಾಲದಡಿ ಹಳದಿ

ದುಬೈಗೆ ಬಂದ ಮೂರನೇ ಬೆಳಿಗ್ಗೆ ನಾನು ಅತ್ತದ್ದು ಒಂದು ಹಕ್ಕಿಯ ಬಾಲದಡಿ ನೋಡಿ. ಅಲ್ ಮುರಕ್ಕಬಾತ್‌ನ ನಮ್ಮ ಬಾಲ್ಕನಿಯಿಂದ ಪಿಕಳಾರದ ದನಿ ಕೇಳಿಸಿತ್ತು. ಉಡುಪಿಯ ಮನೆಯ ದಾಸವಾಳದಲ್ಲಿ ದಿನವೂ ಕೂಗುವ ಹಕ್ಕಿಯಲ್ಲವೇ ಎಂದು ಓಡಿದೆ. ತಲೆ ಕಪ್ಪು, ಸರಿ. ಆದರೆ ಜುಟ್ಟಿಲ್ಲ, ಕೆನ್ನೆಯಲ್ಲಿ ಬಿಳಿ ಮಚ್ಚೆ, ಕೆಂಪಿರಬೇಕಾದ ಬಾಲದಡಿಯಲ್ಲಿ ಹಳದಿ. ಹಕ್ಕಿಯೂ ನಮ್ಮದಲ್ಲ ಎನಿಸಿ ಅಳು ಬಂತು.

ಮಗಳ ಮಾರ್ಚ್ ಪರೀಕ್ಷೆ ಮುಗಿದ ಕೂಡಲೇ ಅವಳನ್ನು ಕರೆದುಕೊಂಡು ಊರಿಗೆ ಮರಳುತ್ತೇನೆಂದು ಗಂಡನಿಗೆ ಆ ವಾರವೇ ಹೇಳಿಬಿಟ್ಟೆ. ಅವರು ಬೆಳಿಗ್ಗೆ ಆರಕ್ಕೆ ಜೆಬೆಲ್ ಅಲಿಯ ಕಂಪನಿ ಬಸ್ಸು ಹತ್ತಿದರೆ ಬರುವುದು ಕತ್ತಲಾದ ಮೇಲೆ. ಊರಿನಲ್ಲಿ ಬೇಲಿಯಾಚೆಯಿಂದ "ಎಂತ ಅಡಿಗೆ?" ಎಂದು ಕೇಳುವವರಿದ್ದರು, ಇಲ್ಲಿ ಲಿಫ್ಟಿನಲ್ಲೂ ಯಾರೂ ಮುಖ ನೋಡುತ್ತಿರಲಿಲ್ಲ.

ಬಾಲ್ಕನಿಯಲ್ಲಿ ಒಂದು ಬಟ್ಟಲು ನೀರಿಟ್ಟೆ. ಒಂದು ದಿನ ನಿಜವಾದ ಕೆಂಪು ಪಿಕಳಾರವೇ ಬಂತು, ಜುಟ್ಟಿನ ಸಮೇತ! ಅಂದಿನಿಂದ ನನ್ನದು ಶುದ್ಧ ಪಕ್ಷಪಾತ. ಕೆಂಪು ಬಂದರೆ ಖರ್ಜೂರದ ಚೂರು, ಬಿಳಿಕೆನ್ನೆ ಬಂದರೆ ಪೊರಕೆ. ಇಡೀ ಊರೇ ನಿನ್ನದು, ಈ ನೀರಾದರೂ ನಮ್ಮವಕ್ಕಿರಲಿ ಎಂದು ಬಾಯಿಬಿಟ್ಟೇ ಬೈಯುತ್ತಿದ್ದೆ.

ಆ ಕನ್ನಡ ಕೇಳಿಯೇ ಪಕ್ಕದ ಬಾಲ್ಕನಿಯಲ್ಲಿ ಒಬ್ಬ ಹೆಂಗಸು ಇಣುಕಿದರು. ಉಪ್ಪಿನಂಗಡಿಯ ಮೈಮುನಕ್ಕ, ಇಲ್ಲಿಗೆ ಬಂದು ಹದಿನೆಂಟು ವರ್ಷ.

"ಅದನ್ನು ಯಾಕೆ ಓಡಿಸುದು ಮಾರಾಯ್ತಿ?"

"ಅದು ಇಲ್ಲಿಯದ್ದು ಅಕ್ಕ. ಕೆಂಪಿಂದು ನಮ್ಮೂರಿದ್ದು."

"ಯಾರು ಹೇಳಿದ್ದು? ನಮ್ಮ ಇವರು ಹಕ್ಕಿ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಎರಡೂ ಹೊರದೇಶದಿಂದ ಪಂಜರದಲ್ಲಿ ಬಂದು ತಪ್ಪಿಸಿಕೊಂಡದ್ದೇ ಅಂತೆ. ಖಲಾಸ್, ಪೊರಕೆ ಒಳಗಿಡಿ."

ಖಲಾಸ್ ಎಂದರೆ ಅರಬಿಯಲ್ಲಿ ಮುಗಿಯಿತು ಎಂದು. ನನಗೆ ನಾಚಿಕೆಯಾಯಿತು. ನನ್ನಂತೆಯೇ ಬಂದವರನ್ನು ಯಜಮಾನರೆಂದು ತಿಳಿದು ಇಷ್ಟು ದಿನ ಸಿಟ್ಟು ಮಾಡಿದ್ದೆನಲ್ಲ!

ಮರುದಿನ ಎರಡು ಬಟ್ಟಲಿಟ್ಟೆ. ಹಕ್ಕಿಗಳೆರಡೂ ಒಂದೇ ಬಟ್ಟಲಿಗೆ ಜಗಳಾಡಿದವು. ಅದನ್ನು ನೋಡಲು ಮೈಮುನಕ್ಕ ಚಹಾ ಹಿಡಿದು ದಿನವೂ ಬರತೊಡಗಿದರು, ಬಾಗಿಲಲ್ಲೇ "ಎಂತ ಅಡಿಗೆ?" ಎನ್ನುತ್ತಿದ್ದರು. ಮಾರ್ಚ್ ಬಂತು, ಹೋಯಿತು. ಟಿಕೆಟಿನ ಮಾತು ನಾನೂ ಎತ್ತಲಿಲ್ಲ, ಗಂಡನೂ ಕೆಣಕಲಿಲ್ಲ.

ಜುಲೈ ರಜೆಗೆ ಊರಿಗೆ ಹೋದೆವು. ದಾಸವಾಳದಲ್ಲಿ ಪಿಕಳಾರ ಕೂಗಿತು. ಮಗಳು ಕಿಟಕಿಗೆ ಓಡಿ, "ಅಮ್ಮಾ, ವೈಟ್ ಚೀಕ್ಸ್ ಎಲ್ಲಿ?" ಎಂದಳು.

ಅದು ಇಲ್ಲಿ ಇರುವುದಿಲ್ಲ ಮಗಾ ಎಂದು ನಗುತ್ತಾ ಹೇಳಿದೆ. ಆದರೆ ಅವಳು ಕೇಳುವ ಮೊದಲೇ ನನ್ನ ಕಣ್ಣು ಆ ಕೊಂಬೆಯಲ್ಲಿ ಬಿಳಿ ಕೆನ್ನೆಯನ್ನು ಹುಡುಕಿಯಾಗಿತ್ತು.