ಎರಡನೇ ಬುಧವಾರದ ಹುಸೇನಮ್ಮ

"ಇವೆರಡು ಯಾಕ ಏನೂ ಕೇಳವಲ್ವು?"

ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇಲ್ಲ. 2006ರ ಆಗಸ್ಟ್, ಎರಡನೇ ಬುಧವಾರ, ಬೆಳಗಿನ ಆರು ಗಂಟೆ. ಇಂದಿರಾನಗರದ ನೂರಡಿ ರಸ್ತೆಯ ಹಿಂದೆ, ಒಂದು ಕಾಲಕ್ಕೆ ಮನೆಯಾಗಿದ್ದು ಈಗ ಆಫೀಸಾಗಿರುವ ಬಂಗಲೆಯ ಮೇಲ್ಮಹಡಿಯಲ್ಲಿ ಹುಸೇನಮ್ಮ ಒಬ್ಬರೇ ನಿಂತಿದ್ದಾರೆ. ಕೈಯಲ್ಲಿ ಒರೆಸುವ ಬಟ್ಟೆ, ಎದುರಿಗೆ ಸಾಲಾಗಿ ಇಪ್ಪತ್ತನಾಲ್ಕು ಲ್ಯಾಪ್‌ಟಾಪ್. ಇಪ್ಪತ್ತೆರಡರ ಪರದೆಯ ಮೂಲೆಯಲ್ಲಿ ಹಳದಿ ಗುರುತು ಮೂಡಿದೆ. ಕಿಟಕಿ ಪಕ್ಕದ ಎರಡು ಹಳೆಯವುಗಳಲ್ಲಿ ಮೂಡುವ ಗುರುತೇ ಬೇರೆ. ಇವತ್ತು ಅದರ ಸುಳಿವಿಲ್ಲ.

ಹುಸೇನಮ್ಮ ಸಂಬಳಕ್ಕೆ ಮಾಡುವ ಕೆಲಸ ಗುಡಿಸುವುದು, ಒರೆಸುವುದು. ಎರಡು ವರ್ಷದಿಂದ ತಿಂಗಳಿಗೊಂದು ಬೆಳಗು ಇನ್ನೊಂದು ಕೆಲಸವೂ ಸೇರಿಕೊಂಡಿದೆ. ಲ್ಯಾಪ್‌ಟಾಪಿನೊಳಗಿನ ವಿಂಡೋಸ್‌ಗೆ ಅದನ್ನು ಮಾಡಿದವರು ತಿಂಗಳಿಗೊಮ್ಮೆ ಅಪ್‌ಡೇಟ್ ಕಳಿಸುತ್ತಾರೆ, ಅಂದರೆ ದೂರದಿಂದಲೇ ಮಾಡುವ ಸಣ್ಣಪುಟ್ಟ ದುರಸ್ತಿ. ಅಮೆರಿಕದಲ್ಲಿ ಮಂಗಳವಾರ ಹೊರಟದ್ದು ಇಲ್ಲಿಗೆ ಬುಧವಾರ ಮುಟ್ಟುತ್ತದೆ. ಹತ್ತು ಗಂಟೆಗೆ ಎಲ್ಲರೂ ಬಂದ ಮೇಲೆ ಶುರುಮಾಡಿದರೆ ಅರ್ಧ ದಿನ ಹಾಳು. ಮೊದಲು ಸಿಸ್ಟಮ್ ನೋಡಿಕೊಳ್ಳುವ ಸುಗತ ಅವರೇ ಕೆ.ಆರ್. ಪುರದಿಂದ ನಸುಕಿನಲ್ಲಿ ಬರುತ್ತಿದ್ದರು. ಮನೆಯಲ್ಲಿ ಮಗು ಹುಟ್ಟಿದ ಮೇಲೆ ಆಗಲಿಲ್ಲ. ಹೇಗೂ ಐದೂವರೆಗೆ ಬಾಗಿಲು ತೆಗೆಯುವವರು ಹುಸೇನಮ್ಮ ತಾನೇ ಎಂದು ಅವರಿಗೆ ಕಲಿಸಿಕೊಟ್ಟರು.

ಇಂಗ್ಲಿಷ್ ಅಕ್ಷರ ಬಾರದು. ಗುರುತು ಒತ್ತಬೇಕು, ಬಲಗಡೆಯ ಗುಂಡಿ ಒತ್ತಬೇಕು, ಪಟ್ಟಿ ತುಂಬುವ ತನಕ ಮುಟ್ಟಬಾರದು, ಪರದೆ ಆರಿ ಮತ್ತೆ ಹೊತ್ತಿದರೆ ಮುಚ್ಚಬೇಕು. ಒಂದಕ್ಕೆ ಕಾಲು ಗಂಟೆ, ಇನ್ನೊಂದಕ್ಕೆ ಮುಕ್ಕಾಲು. ಮುಗಿದ ಮೇಜಿನ ಕುರ್ಚಿಯನ್ನು ಹುಸೇನಮ್ಮ ಬಾಗಿಲ ಕಡೆ ತಿರುಗಿಸಿಡುತ್ತಾರೆ. ಅದು ಅವರೇ ಕಂಡುಕೊಂಡ ಲೆಕ್ಕ. ಒಂಬತ್ತಕ್ಕೆ ಎಲ್ಲ ಕುರ್ಚಿಗಳೂ ಬಾಗಿಲು ನೋಡುತ್ತಿರಬೇಕು. ಇವತ್ತು ಎರಡು ತಿರುಗಿಲ್ಲ.

ಎದೆಯಲ್ಲಿ ಕುಟುಕುತ್ತಿರುವುದು ಬೇರೆಯೇ. ನಿನ್ನೆ ಆ ಎರಡರ ಕೀಲಿಮಣೆಯ ಮೇಲೆ ಚಹಾದ ಕಲೆ ಇತ್ತು. ಒದ್ದೆ ಬಟ್ಟೆಯಲ್ಲಿ ಉಜ್ಜಿದ್ದರು. ಪಕ್ಕದ ರಸ್ತೆಯ ಆಫೀಸಿನಲ್ಲಿ ಗುಡಿಸುತ್ತಿದ್ದ ಜೋಗುಪಾಳ್ಯದ ಪಿಳ್ಳಮ್ಮ ಒಂದು ಲ್ಯಾಪ್‌ಟಾಪ್ ಮೇಲೆ ನೀರು ಚೆಲ್ಲಿದ ಮರುದಿನವೇ, ಇಬ್ಬರನ್ನೂ ಕೆಲಸಕ್ಕೆ ಕಳಿಸುವ ಏಜೆನ್ಸಿಯವರು ಬರಬೇಡ ಎಂದಿದ್ದರು. ಆಮೇಲೆ ಆ ಸುತ್ತಿನಲ್ಲಿ ಪಿಳ್ಳಮ್ಮನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಹುಸೇನಮ್ಮ ಗುಲ್ಬರ್ಗ ಜಿಲ್ಲೆಯ ಸುರಪುರದ ಕಡೆಯವರು. ತೊಂಬತ್ನಾಲ್ಕರಲ್ಲಿ ಗಂಡ ನಿಂಗಣ್ಣನ ಜೊತೆ ಬಂದು, ಇದೇ ಇಂದಿರಾನಗರದಲ್ಲಿ ಏಳು ವರ್ಷ ಇಟ್ಟಿಗೆ ಹೊತ್ತರು. ತಾರಸಿ ಹಾಕಲು ಕಟ್ಟಿದ ಸೆಂಟ್ರಿಂಗ್ ಹಲಗೆಯಿಂದ ಬಿದ್ದ ನಿಂಗಣ್ಣನ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಮರ್ಫಿ ಟೌನಿನ ಒಂದು ಕೋಣೆಯ ಬಾಡಿಗೆ ಮನೆ ಈಗ ನಡೆಯುವುದು ಹುಸೇನಮ್ಮನ ಕೈಯ ಮೇಲೆ. ರೊಟ್ಟಿ ಬಡಿಯುವುದು ನಿಂಗಣ್ಣ. ಬುಧವಾರ ತಡವಾಗಿ ಮನೆಗೆ ಹೋದರೆ ಅವರು ಒಲೆಯ ಮುಂದಿನಿಂದಲೇ, "ಬಂದ್ಳು ನೋಡು ಮಷಿನ್ ಡಾಕ್ಟರವ್ವ. ಎಷ್ಟು ಮಂದಿ ಬದುಕಿದ್ರವ್ವಾ?" ಎನ್ನುತ್ತಾರೆ.

ಇವತ್ತು ಹತ್ತು ಗಂಟೆಗೆ, ಯಾರೂ ಕೇಳುವ ಮೊದಲೇ, ಹುಸೇನಮ್ಮ ಮ್ಯಾನೇಜರ್ ಮುಂದೆ ಹೋಗಿ ನಿಲ್ಲುತ್ತಾರೆ. (ಅವರ ಹೆಸರು ಬರೆಯಬೇಡಿ ಎಂಬುದು ಹುಸೇನಮ್ಮನದೇ ಮಾತು.) "ಸಾಹೇಬ್ರ, ನಾ ಒದ್ದಿ ಬಟ್ಟಿಲೆ ವರೆಸೀನ್ರಿ. ಎರಡು ಕೆಟ್ಟಾವ ಕಾಣಸ್ತದ."

ಸುಗತ ಬಂದು ಎರಡನ್ನೂ ತೆರೆದು ನೋಡುತ್ತಾರೆ. "ಏನೂ ಕೆಟ್ಟಿಲ್ಲಕ್ಕ. ಇದ್ರಲ್ಲಿರೋದು ತೊಂಬತ್ತೆಂಟರ ವಿಂಡೋಸು. ಅದಕ್ಕೆ ಅಪ್‌ಡೇಟ್ ಕಳ್ಸೋದು ನಿಲ್ಲಿಸ್ಬಿಟ್ರು. ಜುಲೈದೇ ಕೊನೇದು."

"ಚಲೋ ನಡದಾವಲ್ಲ, ಯಾಕ ನಿಲ್ಸಿದ್ರು?"

"ವಯಸ್ಸಾಯ್ತು ಅಂತ."

"ಎಲ್ಲಿ ವಯಸ್ಸೋ ಯಪ್ಪಾ? ನಾ ಇಲ್ಲಿ ಸೇರಿದ ವರ್ಷನ ಇವೂ ಬಂದ್ವು. ಐದ ವರ್ಷ."

"ನಾವು ತಂದ ದಿನ ಲೆಕ್ಕಕ್ಕಿಲ್ಲ. ಆ ವಿಂಡೋಸ್ ಹೊರಗೆ ಬಂದ ದಿನದಿಂದ ಎಣಿಸ್ತಾರೆ. ಎಂಟು ವರ್ಷ ಆಯ್ತು."

"ಹಂಗಾದ್ರ ತಂದ ದಿನನ ಮೂರು ವರ್ಷ ಹೋಗಿತ್ತೇನು?"

"ಹೋಗಿತ್ತು."

"ಅಂಗಡ್ಯಾಂವ ಹೇಳ್ಲಿಲ್ಲ?"

ಸುಗತ ಮ್ಯಾನೇಜರ್ ಕಡೆ ನೋಡುತ್ತಾರೆ. ಮ್ಯಾನೇಜರ್ ಫ್ಯಾನ್ ಕಡೆ ನೋಡುತ್ತಾರೆ. ಉಳಿದ ಇಪ್ಪತ್ತೆರಡು ಎಷ್ಟು ವರ್ಷ ಕೇಳುತ್ತವೆ ಎಂದರೆ ಸುಗತ ಅವರಿಗೂ ಖಚಿತವಿಲ್ಲ. "ಒಂದು ತಾರೀಕು ಹೇಳ್ತಾರೆ, ಆಮೇಲೆ ಮುಂದಕ್ಕೆ ಹಾಕ್ತಾರೆ. ತೊಂಬತ್ತೆಂಟಕ್ಕೂ ಹಂಗೇ ಮಾಡಿದ್ರು."

ಹುಸೇನಮ್ಮನಿಗೆ ಇದು ಈಗಲೂ ಬಗೆಹರಿದಿಲ್ಲ. ಕೆಟ್ಟಿಲ್ಲದ ವಸ್ತು ಮುಗಿಯುವುದು ಹೇಗೆ? ವಯಸ್ಸನ್ನು ಎಣಿಸುವವರು ಯಾರು? "ಮೊಹರಮ್ಮಿನ ಅಲಾಯಿ ಹಬ್ಬದಾಗ ಹುಟ್ಟೀನಿ, ಅದಕ್ಕ ಈ ಹೆಸರು. ಯಾವ ವರ್ಷ ಅಂದ್ರ ನಮ್ಮವ್ವಗೂ ಗೊತ್ತಿದ್ದಿಲ್ಲ. ಏಜೆನ್ಸಿ ಕಾರ್ಡಿನ್ಯಾಗ ನಲವತ್ತೆರಡು ಅಂತ ಬರದಾರ. ಇದ್ರೂ ಇರಬೌದು ಅಂತ ನಾ ಹ್ಞೂಂ ಅಂದೆ. ಮಷಿನ್ನಿಂದೂ ಹಂಗ ಏನೋ."

ತಪ್ಪು ತನ್ನದಲ್ಲ ಎಂಬ ನಿರಾಳ ಒಂಬತ್ತು ದಿನ ಇರುತ್ತದೆ. ಅಷ್ಟರಲ್ಲಿ ಆಫೀಸಿಗೆ ಕೆಲಸ ಕೊಡುವ ಹೊರದೇಶದ ಗಿರಾಕಿಗಳು ಕಾಗದ ಕಳಿಸುತ್ತಾರೆ: ಅಪ್‌ಡೇಟ್ ಬರದ ಲ್ಯಾಪ್‌ಟಾಪ್‌ನಲ್ಲಿ ತಮ್ಮ ಕೆಲಸ ಮಾಡಕೂಡದು. ಹೊಸ ಎರಡನ್ನು ಕೊಳ್ಳಲು ಮಾಲೀಕರು ಒಪ್ಪುವುದಿಲ್ಲ. ವಿಮೆ ಇದೆ, ನೀರು ಬಿದ್ದು ಹಾಳಾದರೆ ಹೊಸದು ಸಿಗುತ್ತದೆ, ಅಪ್‌ಡೇಟ್ ನಿಂತರೆ ಸಿಗುವುದಿಲ್ಲ.

ಶುಕ್ರವಾರ ಮ್ಯಾನೇಜರ್ ಹುಸೇನಮ್ಮನನ್ನು ಕರೆದು, ಬಾಗಿಲು ಮುಚ್ಚಿ, ಕುರ್ಚಿ ತೋರಿಸುತ್ತಾರೆ. ಐದು ವರ್ಷದಲ್ಲಿ ಅವರೆದುರು ಕೂತದ್ದು ಅದೇ ಮೊದಲು. ಮ್ಯಾನೇಜರೂ ಅದೇ ಜಿಲ್ಲೆಯ ಜೇವರ್ಗಿ ಕಡೆಯವರು. ಆಫೀಸಿನಲ್ಲಿ ಎಂದೂ ಆಡದ ಊರಿನ ಮಾತು ಇವತ್ತು ಹೊರಗೆ ಬರುತ್ತದೆ.

"ಹುಸೇನವ್ವ, ಒದ್ದಿ ಬಟ್ಟಿಲೆ ವರೆಸೀನಿ ಅಂತ ನೀನ ಹೇಳಿದ್ದಿ. ಅದನ್ನ ಬರೆಸೀನಿ. ನೀರು ಬಿದ್ದು ಕೆಟ್ಟಾವ ಅಂತ ಇಲ್ಲಿ ಹೆಬ್ಬಟ್ಟು ಹಾಕು."

"ಕೆಟ್ಟಿಲ್ಲ ಅಂದಾನಲ್ರಿ ಸುಗತಪ್ಪ?"

"ಕೆಟ್ಟಿಲ್ಲ, ಖರೆ. ಆದ್ರ ಇನ್ನ ಉಪಯೋಗಿಲ್ಲ. ಎರಡೂ ಒಂದಾ."

"ಎರಡೂ ಹ್ಯಾಂಗ ಒಂದಾ ಆಗ್ತಾವ್ರಿ?"

ಮ್ಯಾನೇಜರ್ ಶಾಯಿಯ ಡಬ್ಬಿಯನ್ನು ತೆರೆದು ಮುಂದಕ್ಕೆ ಸರಿಸುತ್ತಾರೆ. "ಏಜೆನ್ಸಿಗೆ ನಾ ಹೇಳ್ತೀನಿ, ನಿನ್ನ ಕೆಲಸಕ್ಕ ಏನೂ ಆಗಂಗಿಲ್ಲ. ನಮ್ಮ ಕಡಿಯಾಕಿ ಅಂತ ನಿನ್ನ ಸೇರಿಸಿದಾಂವ ನಾನಲ್ಲೇನು? ಇಷ್ಟು ಮಾಡಂಗಿಲ್ಲ ನನಗ?"

ಆ ಮಾತೂ ಸುಳ್ಳಲ್ಲ. ಹುಸೇನಮ್ಮ ಹಾಳೆಯನ್ನು ನೋಡುತ್ತಾರೆ. ಒಂದಕ್ಷರವೂ ತಿಳಿಯದು. ಆದರೆ ಪಿಳ್ಳಮ್ಮನಿಗೆ ಆದದ್ದನ್ನೇ ತಮ್ಮ ಹೆಸರು ಹಾಕಿ ಬರೆದಿದ್ದಾರೆ ಎಂಬುದು ತಿಳಿಯುತ್ತದೆ. ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡು ಎದ್ದು ನಿಲ್ಲುತ್ತಾರೆ.

"ಹಾಕಂಗಿಲ್ರಿ ಸಾಹೇಬ್ರ. ನಾಳಿಂದ ಬರಬ್ಯಾಡ ಅಂದ್ರೂ ಹಾಕಂಗಿಲ್ಲ. ನನ್ನ ಕೈಯಾಗ ಒಂದೂ ಮಷಿನ್ ಕೆಟ್ಟಿಲ್ಲ."