ಗಿರಿಜಾ ಸುತ್ತಿದ ಮೋಟಾರು

ಈ ಊರಿಗೆ ಬಂದ ಮರುದಿನವೇ ತರಕಾರಿ ಮಾರುವ ಹೆಂಗಸೊಬ್ಬಳು ನನ್ನ ಹೆಂಡತಿ ಗಿರಿಜಾಳನ್ನು ‘ದಾದಾ’ ಎಂದು ಕರೆದಳು. ನಾನು ಬೆಚ್ಚಿಬಿದ್ದೆ. ನಮ್ಮ ಕಡೂರು ಬಸ್‌ ಸ್ಟ್ಯಾಂಡಿನಲ್ಲಿ ದಾದಾ ಎಂದರೆ ಎಂಥವರೆಂದು ನಿಮಗೆ ಹೇಳಬೇಕಿಲ್ಲ. ಇಲ್ಲಿನ ಸ್ವಾಹಿಲಿ ಭಾಷೆಯಲ್ಲಿ ದಾದಾ ಎಂದರೆ ಅಕ್ಕ. ಮಾಮಾ ಎಂದರೆ ತಾಯಿ. ಬೀದಿಯವರೆಲ್ಲ ‘ಮಾಮಾ’ ಎಂದು ಕೂಗಿದಾಗ ನನ್ನ ಕಣ್ಣು ಮೀಸೆಯ ಗಂಡಸನ್ನು ಹುಡುಕುತ್ತಿತ್ತು. ಓಗೊಡುತ್ತಿದ್ದವಳು ಬಿಳಿಗೂದಲಿನ ಅಜ್ಜಿ. ಎರಡು ವಾರ ನನಗೆ ನೆಂಟಸ್ತಿಕೆಗಳೇ ತಲೆಕೆಳಗಾಗಿದ್ದವು.

ಊರು ಕಿಟುಯಿ, ದೇಶ ಕೀನ್ಯಾ. ಕಡೂರು ತಾಲ್ಲೂಕಿನ ಪಂಚನಹಳ್ಳಿಯವನಾದ ನಾನು ಬೋರ್‌ವೆಲ್ ಕೊರೆಯುವ ಕಂಪನಿಯೊಂದರಲ್ಲಿ ಮೆಕ್ಯಾನಿಕ್ ಆಗಿ ಎರಡು ವರ್ಷದ ಕರಾರಿನ ಮೇಲೆ ಇಲ್ಲಿಗೆ ಬಂದೆ. ಅದೇ ಕೆಂಪು ಮಣ್ಣು, ಅದೇ ಕಲ್ಲುಗುಡ್ಡ, ಅದೇ ಜಾಲಿಮುಳ್ಳು. ತೆಂಗು ಮಾತ್ರ ಇಲ್ಲ. ಊಟವೂ ಮುದ್ದೆಯೇ. ಮುಸುಕಿನ ಜೋಳದ ಹಿಟ್ಟಿನಲ್ಲಿ ಬೆಳ್ಳಗೆ ಮಾಡುತ್ತಾರೆ, ಉಗಾಲಿ ಎನ್ನುತ್ತಾರೆ, ಸೊಪ್ಪಿನ ಜೊತೆ ಅಗಿದು ತಿನ್ನುತ್ತಾರೆ. ನಾನು ನಮ್ಮ ಅಭ್ಯಾಸದಂತೆ ಸಾರಿನಲ್ಲಿ ಅದ್ದಿ ಗುಳುಂ ಎಂದು ನುಂಗಿದೆ. ತುತ್ತು ಗಂಟಲಿಗೆ ಸಿಕ್ಕಿಕೊಂಡಿತೆಂದು ಪಕ್ಕದವನು ಗಾಬರಿಯಿಂದ ನೀರು ಹಿಡಿದು ಓಡಿಬಂದ. ರಾಗಿಯೂ ಸಿಗುತ್ತದೆ, ಆದರೆ ಗಂಜಿಗೆ ಮಾತ್ರ. ಅದರಲ್ಲಿ ಮುದ್ದೆ ಕಟ್ಟಬಹುದೆಂದು ಗಿರಿಜಾ ಹೇಳಿದರೆ ಅಕ್ಕಪಕ್ಕದ ಹೆಂಗಸರು ಅವಳಿಗೇನೋ ತಿಳಿಯದು ಎಂಬಂತೆ ನಕ್ಕರು.

ಕರಾರು ಮುಗಿದಾಗ ನಾನು ಹಿಂದಿರುಗಲಿಲ್ಲ. ಕಡೂರಿನಲ್ಲಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿ ಬೀದಿಗೊಂದಿದೆ. ಇಲ್ಲಿ ಮೋಟಾರು ಸುಟ್ಟರೆ ನೈರೋಬಿಗೆ ಕಳಿಸಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಮನೆಯೊಡೆಯನನ್ನೇ ಪಾಲುದಾರನನ್ನಾಗಿ ಮಾಡಿಕೊಂಡು, ಪರವಾನಗಿಗಾಗಿ ಎಂಟು ತಿಂಗಳು ಅಲೆದು, ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಅಂಗಡಿ ತೆರೆದೆ. ನನಗೆ ಕೆಲಸ ಕಲಿಸಿದವರು ಕಡೂರಿನ ಅಂಥದೊಂದು ಅಂಗಡಿಯ ಉಸ್ತಾದರು. ಗಿರಿಜಾ ಊರಿನಲ್ಲಿದ್ದಾಗಲೇ ನನ್ನಿಂದ ಕಲಿತವಳು, ಈಗ ನನಗಿಂತ ಚೆನ್ನಾಗಿ ಸುತ್ತುತ್ತಾಳೆ. ಅವಳು ಸುತ್ತುವುದು, ಪಂಪು ಇಳಿಸುವುದು ನಾನು. ಸಂತೆಗೆ ಹೋಗುವವರು ನಿಂತು ಅವಳ ಬೆರಳನ್ನೇ ನೋಡುತ್ತಿದ್ದರು. ಕುಶಲಕರ್ಮಿಗೆ ಇಲ್ಲಿ ಫುಂಡಿ ಎನ್ನುತ್ತಾರೆ. ಮೂರೇ ತಿಂಗಳಲ್ಲಿ ಅವಳು ಫುಂಡಿಯಾದಳು. ನಾನು ಫುಂಡಿಯ ಗಂಡ.

ಹನ್ನೆರಡು ಮೈಲಿಯಾಚೆಯ ಹಳ್ಳಿಯೊಂದರಿಂದ ಮೋಟಾರು ಬಂತು. ಇಡೀ ಹಳ್ಳಿಗೆ ಅದೊಂದೇ ಕೊಳವೆಬಾವಿ. ಗಿರಿಜಾ ಎರಡು ದಿನ ಕೂತು ಸುತ್ತಿಕೊಟ್ಟಳು, ನಾನು ಇಳಿಸಲು ಹೋದೆ. ನೀರೊಳಗೆ ಇಳಿಯುವ ಕೇಬಲ್ಲಿನ ಜಾಯಿಂಟಿಗೆ, ನೀರು ನುಗ್ಗದಂತೆ, ಮೊದಲು ರಬ್ಬರ್ ಟೇಪನ್ನು ಬಿಗಿಯಾಗಿ ಸುತ್ತಬೇಕು, ಅದರ ಮೇಲೆ ಮಾಮೂಲಿ ಟೇಪು. ರಬ್ಬರ್ ಟೇಪು ಅರ್ಧಕ್ಕೇ ಮುಗಿಯಿತು. ಜನ ಪಂಪು ಇಳಿಸುವ ಸರಪಳಿ ಹಿಡಿದು ನಿಂತಿದ್ದರು, ಹೆಂಗಸರು ಕತ್ತೆಗಳ ಬೆನ್ನಿನ ಮೇಲೆ ಖಾಲಿ ಕ್ಯಾನು ಹೇರಿಕೊಂಡು ಕಾಯುತ್ತಿದ್ದರು. ಕಿಟುಯಿಗೆ ಹೋಗಿ ಟೇಪು ತರಲು ಒಂದು ದಿನ ಬೇಕಿತ್ತು. ಮಾಮೂಲಿ ಟೇಪನ್ನೇ ನಾಲ್ಕು ಸುತ್ತು ಜಾಸ್ತಿ ಹಾಕಿ ಇಳಿಸಿಬಿಟ್ಟೆ. ಹನ್ನೊಂದನೆಯ ದಿನ ಮೋಟಾರು ಸುಟ್ಟಿತು.

ಇಲ್ಲಿ ‘ಪೋಲೆ’ ಎಂಬ ಮಾತಿದೆ. ಎಡವಿದವರಿಗೆ, ದಣಿದವರಿಗೆ, ಸಾವಿನ ಮನೆಯವರಿಗೆ, ಎಲ್ಲರಿಗೂ ಪೋಲೆ. ನಮ್ಮ ‘ಅಯ್ಯೋ ಪಾಪ’ಕ್ಕೆ ಹತ್ತಿರ, ಆದರೆ ಎದುರಿಗೇ ಹೇಳುವಂಥದ್ದು. ಮೊದಲು ನಾನದನ್ನು ತಪ್ಪೊಪ್ಪಿಗೆ ಎಂದು ತಿಳಿದಿದ್ದೆ. ಸಂತೆಯಲ್ಲಿ ನಾನು ಎಡವಿದರೆ ಈ ಹೆಂಗಸೇಕೆ ತಪ್ಪಾಯಿತು ಎನ್ನುತ್ತಾಳೆ ಎಂದು ಕಕ್ಕಾಬಿಕ್ಕಿಯಾಗಿದ್ದೆ. ಕ್ಷಮೆ ಕೇಳುವ ಮಾತು ಬೇರೆ ಇದೆ, ‘ನಿಸಾಮೆಹೆ’. ಅಷ್ಟರಲ್ಲಾಗಲೇ ನನಗೆ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಹಳ್ಳಿಗೆ ಹೋಗಿ ‘ಪೋಲೆ’ ಎಂದೆ. ವೋಲ್ಟೇಜಿನ ತೊಂದರೆ ಇರಬಹುದು ಎಂದೆ. ಅದು ಸುಳ್ಳೆಂದು ಹೇಳುವಾಗಲೇ ತಿಳಿದಿತ್ತು.

ವೋಲ್ಟೇಜಿನ ಮಾತನ್ನು ಯಾರೂ ನಂಬಲಿಲ್ಲ. ನೀರಿನ ಕಮಿಟಿಯ ಗಂಡಸೊಬ್ಬ, ಹೆಂಗಸಿನ ಕೈಯಲ್ಲಿ ಸುತ್ತಿಸಿದರೆ ಇನ್ನೇನಾಗುತ್ತದೆ ಎಂದ. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಆ ಮಾತು ವಾರದೊಳಗೆ ಕಿಟುಯಿ ಸಂತೆಯನ್ನು ಮುಟ್ಟಿತು. ಅಂಗಡಿಗೆ ಬೇರೆ ಮೋಟಾರು ತಂದ ಇಬ್ಬರು ಗಿರಾಕಿಗಳು, ಇದನ್ನು ನೀವೇ ಸುತ್ತಿ ಎಂದು ನನ್ನನ್ನು ಕೇಳಿಕೊಂಡರು. ಆಗಲಿ ಎಂದೆ. ಗಿರಿಜಾ ಅಲ್ಲೇ ಕೂತಿದ್ದಳು. ಹಳ್ಳಿಯಿಂದ ವಾಪಸು ಬಂದ ಮೋಟಾರಿನ ಕೇಬಲ್ಲನ್ನು ಅವಳು ಬೆಳಕಿಗೆ ಹಿಡಿದು ನೋಡಿದಳು, ಕರಕಲಾದ ಜಾಯಿಂಟನ್ನು ಉಗುರಿನಿಂದ ಕೆರೆದಳು, ನನ್ನ ಮೇಜಿನ ಮೇಲಿಟ್ಟು ಒಳಗೆ ಹೋದಳು. ಒಂದು ಮಾತು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆರು ದಿನ ಅವಳು ತಂತಿ ಮುಟ್ಟಲಿಲ್ಲ.

ತಡೆಯಲಾಗದೆ ಉಸ್ತಾದರಿಗೆ ಫೋನು ಮಾಡಿದೆ. ಅವರಿಗೂ ವೋಲ್ಟೇಜಿನ ಕಥೆಯನ್ನೇ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

“ಜಾಯಿಂಟ್ ಕಟ್ಟಿದ್ದು ಯಾರ್ಲಾ?”

ನನ್ನ ಮೇಜಿನ ಮೇಲೆ ಆ ಕರಕಲು ಜಾಯಿಂಟು ಹಾಗೇ ಇತ್ತು.

“ಹೋಗಿ ಹೇಳ್ಬಿಡು ಕಣೋ. ಮೋಟ್ರುನ ಇನ್ನೊಂದ್ಸಲ ಸುತ್ತಬೋದು,” ಎಂದು ಫೋನು ಇಟ್ಟರು.

ಮರುದಿನ ಬೆಳಿಗ್ಗೆ ಹಳ್ಳಿಗೆ ಹೋದೆ. ದಾರಿಯ ಒಣಗಿದ ಹೊಳೆಯಲ್ಲಿ ಹೆಂಗಸರು ಮರಳು ತೋಡಿ, ಒಸರುವ ನೀರನ್ನು ಲೋಟದಲ್ಲಿ ಮೊಗೆದು ಕ್ಯಾನಿಗೆ ಸುರಿಯುತ್ತಿದ್ದರು. ನನ್ನನ್ನು ಕಂಡು, ದಣಿದಿದ್ದಾನೆಂದು, ಅವರೇ ‘ಪೋಲೆ’ ಎಂದರು. ನನಗೆ ನಾಚಿಕೆಯಿಂದ ಸಾಯುವಂತಾಯಿತು. ಕಮಿಟಿಯ ಹಿರಿಯಳು ಮಾಮಾ ಮ್ವೆಂಡೆ, ಅಂದರೆ ಮ್ವೆಂಡೆಯ ತಾಯಿ. ಇಲ್ಲಿ ಹೆಂಗಸರನ್ನು ಮಗುವಿನ ಹೆಸರು ಹಿಡಿದು ಕರೆಯುತ್ತಾರೆ. ಅವಳ ಎದುರು, ಎಲ್ಲರೂ ಕೇಳುವಂತೆ, ‘ನಿಸಾಮೆಹೆ’ ಎಂದೆ. ಮೋಟಾರು ಚೆನ್ನಾಗಿಯೇ ಇತ್ತು, ಟೇಪು ಸಾಲದಿದ್ದರೂ ಜಾಯಿಂಟು ಕಟ್ಟಿ ಇಳಿಸಿದವನು ನಾನು, ತಪ್ಪು ನನ್ನದು ಎಂದೆ. ಅದಕ್ಕೆ ಅವಳು ಕೇಳಿದಳು:

“ಇದನ್ನು ನಿನ್ನ ಹೆಂಡತಿಗೆ ಹೇಳಿದೆಯಾ?”

ಹೇಳಿರಲಿಲ್ಲ. ಹಾಗಿದ್ದರೆ ಮೊದಲು ಮನೆಗೆ ಹೋಗು ಎಂದಳು. ಮೋಟಾರನ್ನು ಅವಳೇ ಸುತ್ತಬೇಕು, ಜಾಯಿಂಟನ್ನೂ ಅವಳೇ ಬಂದು ಕಟ್ಟಬೇಕು, ನೀನು ಸರಪಳಿ ಎಳೆ ಎಂದು ತೀರ್ಪು ಕೊಟ್ಟಳು.

ಮನೆಗೆ ಬಂದು ಹೇಳಿದೆ. ಸ್ವಾಹಿಲಿಯಲ್ಲಿ ಊರೆದುರು ಹೇಳಿದ್ದು ಸುಲಭವಿತ್ತು. ಕನ್ನಡದಲ್ಲಿ, ಅಡಿಗೆಮನೆಯ ಬಾಗಿಲಲ್ಲಿ ನಿಂತು ‘ತಪ್ಪಾಯ್ತು’ ಎನ್ನಲು ನಾಲಿಗೆ ಹೊರಳಲಿಲ್ಲ. ಹೇಗೋ ಹೇಳಿದೆ. ಅವಳು ಗೊತ್ತು ಎಂದಳು, ಅಷ್ಟೇ. ಮರುದಿನ ತಂತಿಯ ಸುರುಳಿ ಬಿಚ್ಚಿದಳು. ಪಂಪು ಇಳಿಸುವ ದಿನ ಹಳ್ಳಿಯವರೆಲ್ಲ ಸುತ್ತ ನೆರೆದರು. ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ನೆಲದ ಮೇಲೆ ಕೂತು ಜಾಯಿಂಟು ಕಟ್ಟಿದಳು. ನೀರು ಬಂದಾಗ ಹೆಂಗಸರು ನಾಲಿಗೆ ಆಡಿಸಿ ಎತ್ತರದ ದನಿಯಲ್ಲಿ ಕೂಗಿ ಕುಣಿದರು. ಹೆಂಗಸಿನ ಕೈ ಎಂದಿದ್ದ ಗಂಡಸೇ ಅವಳಿಗೆ ಕೈ ತೊಳೆಯಲು ನೀರು ಹುಯ್ದ.

ಕಳೆದ ತಿಂಗಳು ಉಸ್ತಾದರೇ ಫೋನು ಮಾಡಿದರು. ಕಣ್ಣು ಮಂಜಾಗಿದೆಯಂತೆ, ಅಂಗಡಿಯನ್ನು ನನಗೆ ಒಪ್ಪಿಸುತ್ತಾರಂತೆ. “ಬಂದ್ಬಿಡ್ಲಾ, ಹೊರಗಿನೋರಿಗೆ ಕೊಡೋಕೆ ಮನ್ಸಿಲ್ಲ,” ಎಂದರು. ನನ್ನ ಎದೆ ತುಂಬಿಬಂತು. ಆ ಅಂಗಡಿಯ ಕನಸು ಕಾಣುತ್ತಲೇ ನಾನು ದೊಡ್ಡವನಾದದ್ದು. ಗಿರಿಜಾಳಿಗೆ ಹೇಳಿದೆ, ಊರಿಗೆ ಹೋಗೋಣ ಎಂದೆ. ಅವಳು ಸುತ್ತುತ್ತಿದ್ದ ಕೈಯನ್ನು ನಿಲ್ಲಿಸಲಿಲ್ಲ.

“ಕಡೂರಲ್ಲಿ, ಉಸ್ತಾದ್ರ ಅಂಗಡಿಯಿಂದ ನೀವು ತರ್ತಿದ್ದ ಮೋಟ್ರುಗಳ್ನ ನಾಕು ವರ್ಷ ಒಳಮನೇಲಿ ಕೂತು ಸುತ್ತಿದೀನಿ ಕಣ್ರೀ. ಹೊರಗಡೆ ಎಲ್ರೂ ನಿಮ್ಮ ಕೈ ಚೆನ್ನಾಗಿದೆ ಅನ್ನೋರು. ನೀವೂ ಹೂಂ ಅಂತಿದ್ರಿ.”

ಸುರುಳಿ ಮುಗಿಸಿ ತಂತಿ ಕತ್ತರಿಸಿದಳು.

“ನೀವು ಹೋಗ್ಬನ್ನಿ. ನಾನು ಇಲ್ಲೇ ಇರ್ತೀನಿ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಹೀಗೆ ಸಮುದ್ರ ದಾಟಿ ಬಂದು ನಾನು ಮನೆ ಅಳಿಯನಾಗಿದ್ದೇನೆ. ಕಡೂರು ನನ್ನ ಊರು, ಅಲ್ಲಿನ ಕನಸು ಇಂದಿಗೂ ಬೀಳುತ್ತದೆ. ಕಿಟುಯಿ ಗಿರಿಜಾಳ ಊರು. ಅವಳು ಇಲ್ಲಿರುವವರೆಗೆ ನನಗೂ ಇಲ್ಲೊಂದು ಜಾಗವಿದೆ. ನಿನ್ನೆ ಉಸ್ತಾದರಿಗೆ ಫೋನು ಮಾಡಿ, ಅಂಗಡಿ ಬೇರೆಯವರಿಗೆ ಕೊಡಿ ಎಂದೆ. ಯಾಕೆ ಎಂದು ಕೇಳಿದರು. ನಾಲ್ಕು ವರ್ಷ ಅವರೂ ಹೊಗಳುತ್ತಿದ್ದ ಆ ಕೈ ನನ್ನದಲ್ಲ ಎಂದು ಹೇಳಿದೆ.